ಸೂಜಿರಂಧ್ರದ ಕ್ಯಾಮೆರಾ

ಚೆನ್ನೈನ ವಡಪಳನಿಯ ಸ್ಟುಡಿಯೊಗಳಲ್ಲಿ ಒಂದು ಕಾಲದಲ್ಲಿ ಕನ್ನಡ ಚಲನಚಿತ್ರಗಳೂ ತಯಾರಾಗುತ್ತಿದ್ದವು. ಅಲ್ಲಿನ ಬೆಲೆಬಾಳುವ ಕ್ಯಾಮೆರಾಗಳ ಮೂಲತತ್ತ್ವವನ್ನು ಸ್ಕೌಟು ಬಾಲಕರು ಒಂದು ರಟ್ಟಿನ ಪೆಟ್ಟಿಗೆಯಿಂದಲೇ ಅರಿಯಬಹುದು. ಪೆಟ್ಟಿಗೆಯ ಒಳಭಾಗಕ್ಕೆ ಕಪ್ಪು ಬಣ್ಣ ಬಳಿದು, ಒಂದು ಬದಿಯಲ್ಲಿ ಸೂಜಿಯಿಂದ ಸಣ್ಣ ರಂಧ್ರ ಮಾಡಿ, ಎದುರು ಬದಿಯನ್ನು ಕತ್ತರಿಸಿ ತೆಗೆದು ಅಲ್ಲಿ ಎಣ್ಣೆ ಸವರಿದ ತೆಳು ಕಾಗದವನ್ನು ಅಂಟಿಸಬೇಕು. ಕತ್ತಲೆಯ ಕೋಣೆಯಲ್ಲಿ ರಂಧ್ರದಿಂದ ತುಸು ದೂರದಲ್ಲಿ ಮೇಣದಬತ್ತಿ ಹಚ್ಚಿಟ್ಟರೆ, ಅದರ ಜ್ವಾಲೆ ಕಾಗದದ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುವುದೇ ಇದಕ್ಕೆ ಕಾರಣ: ಜ್ವಾಲೆಯ ತುದಿಯ ಕಿರಣ ರಂಧ್ರವನ್ನು ದಾಟಿ ಕೆಳಕ್ಕೂ, ಬುಡದ ಕಿರಣ ಮೇಲಕ್ಕೂ ಸಾಗುತ್ತದೆ. ರಂಧ್ರವನ್ನು ಹಿಗ್ಗಿಸಿದರೆ ಬಿಂಬದ ಹೊಳಪು ಹೆಚ್ಚುತ್ತದೆ, ಸ್ಪಷ್ಟತೆ ಕೆಡುತ್ತದೆ.

ಸೂರ್ಯಗ್ರಹಣದಂದು ಪೆಟ್ಟಿಗೆ ಬೇಡ. ರಂಧ್ರವಿರುವ ರಟ್ಟೊಂದೇ ಸಾಕು. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿ ಕಾಗದದ ಮೇಲೆ ಬಿದ್ದ ಬಿಂಬವನ್ನಷ್ಟೇ ನೋಡಬೇಕು. ರಂಧ್ರದ ಮೂಲಕ ಸೂರ್ಯನನ್ನೇ ನೋಡಿದರೆ ಅಕ್ಷಿಪಟಲಕ್ಕೆ ಧಕ್ಕೆಯಾಗುತ್ತದೆ. ನೋವಿಲ್ಲದ ಕಾರಣ ಅದು ಆ ಕ್ಷಣಕ್ಕೆ ತಿಳಿಯುವುದೂ ಇಲ್ಲ.