ತೇಗದ ಹೂವು, ಹುತ್ತದ ಅಣಬೆ

ದಸರೆಯ ಆನೆಗಳ ಗಜಪಯಣದಿಂದಾಗಿ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯ ಹೆಸರನ್ನು ನೀವು ಕೇಳಿರುತ್ತೀರಿ. ನಾಗರಹೊಳೆ ಕಾಡಿನ ಅಂಚಿನಲ್ಲಿರುವ ಈ ಊರಿನ ಕಡೆ ಮಳೆಗಾಲದಲ್ಲಿ ಹೋದರೆ ಆನೆಗಳ ಜೊತೆಗೆ ಇನ್ನೆರಡು ಜೀವಿಗಳನ್ನೂ ಗಮನಿಸಿ. ತಲೆಯೆತ್ತಿದರೆ ತೇಗದ ತುದಿಯಲ್ಲಿ ಸಣ್ಣ ಬಿಳಿ ಹೂಗಳ ದೊಡ್ಡ ಗೊಂಚಲು. ನೆಲ ನೋಡಿದರೆ ಗೆದ್ದಲು ಗೂಡಿನ ಮೇಲೆ ಬಿಳಿ ಅಣಬೆ. ಎರಡೂ ಸಸ್ಯಗಳೇ ತಾನೆ ಎನ್ನುವಿರಾ? ಅಲ್ಲ.

ತೇಗ, ಅಂದರೆ ಟೆಕ್ಟೋನಾ ಗ್ರಾಂಡಿಸ್, ಎಲೆಯ ಪತ್ರಹರಿತ್ತಿನ ನೆರವಿನಿಂದ ತನ್ನ ಆಹಾರವನ್ನು ತಾನೇ ತಯಾರಿಸುತ್ತದೆ. ಅದರ ಕೋಶಭಿತ್ತಿ ಸೆಲ್ಯುಲೋಸಿನದು, ಕೂಡಿಡುವುದು ಪಿಷ್ಟವನ್ನು. ಹುತ್ತದ ಅಣಬೆ ಟರ್ಮಿಟೋಮೈಸಿಸ್ ಹೈಮೈಯಲ್ಲಿ ಪತ್ರಹರಿತ್ತೇ ಇಲ್ಲ. ಅದರ ಕೋಶಭಿತ್ತಿಯಲ್ಲಿರುವುದು ಏಡಿಯ ಚಿಪ್ಪಿನಲ್ಲಿರುವ ಕೈಟಿನ್. ಕೂಡಿಡುವುದು ನಮ್ಮ ಯಕೃತ್ತಿನಂತೆ ಗ್ಲೈಕೋಜನ್. 1969ರಲ್ಲಿ ವಿಟೇಕರ್ ಅವರು ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟರು. ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರೆಂದು ಆಮೇಲೆ ವಂಶವಾಹಿಗಳ ಅಧ್ಯಯನ ತೋರಿಸಿತು.

ಕ್ಯಾಮೆರಾದಲ್ಲಿ ನಾವು ಹಿಡಿಯಬಲ್ಲದ್ದು ಅಣಬೆಯ ಕೊಡೆಯನ್ನಷ್ಟೇ. ಮರಕ್ಕೆ ಹೂಗೊಂಚಲು ಹೇಗೋ ಶಿಲೀಂಧ್ರಕ್ಕೆ ಈ ಕೊಡೆ ಹಾಗೆ. ನಿಜವಾದ ಶರೀರ ಗೆದ್ದಲಿನ ಗೂಡಿನೊಳಗೆ ಬಿಳಿ ಎಳೆಗಳ ಜಾಲವಾಗಿ ಹಬ್ಬಿರುತ್ತದೆ. ಉದುರಿದ ಎಲೆ, ಒಣ ಕಟ್ಟಿಗೆಯನ್ನು ಪೂರ್ತಿ ಜೀರ್ಣಿಸಿಕೊಳ್ಳುವುದು ಈ ಗೆದ್ದಲಿಗೆ ಒಂಟಿಯಾಗಿ ಸಾಧ್ಯವಿಲ್ಲ. ಅದನ್ನು ಅಗಿದು, ಹಿಕ್ಕೆಯಾಗಿ ಹಾಕಿ, ಸ್ಪಂಜಿನಂತಹ ತಟ್ಟಿಗಳನ್ನು ಕಟ್ಟುತ್ತದೆ. ಶಿಲೀಂಧ್ರ ಅದರ ಮೇಲೆ ಬೆಳೆದು ಗಡುಸಾದ ಲಿಗ್ನಿನ್ನನ್ನು ಒಡೆಯುತ್ತದೆ. ಹದವಾದ ಮೇಲೆ ಗೆದ್ದಲಿಗೆ ಊಟ. ತೇಗ ಗಾಳಿ, ನೀರು, ಬಿಸಿಲಿನಿಂದ ಕಟ್ಟಿದ್ದನ್ನು ಇಲ್ಲಿ ಬಿಚ್ಚಲಾಗುತ್ತದೆ. ಮಳೆ ಬಿದ್ದಾಗ ಆ ತಟ್ಟಿಯಿಂದ ಬೇರಿನಂತಹ ಉದ್ದನೆಯ ಕಾಂಡ ಮಣ್ಣನ್ನು ಸೀಳಿ ಮೇಲೇರುತ್ತದೆ. ಚಿಪ್ಪು ಅಣಬೆಯಂತೆ ಹುಲ್ಲಿನ ಮೇಲೆ ಇದನ್ನು ಬೆಳೆಯಲಾಗದು. ಹುತ್ತ ಅಗೆದು ಗೂಡನ್ನು ಹಾಳುಮಾಡಿದರೆ ಅಲ್ಲಿ ಅಣಬೆಯೂ ಇಲ್ಲ.

ತೇಗದ ಹೂವಿಗೆ ಜೇನು ಮೊದಲಾದ ಕೀಟಗಳು ಬೇಕು. ಅಣಬೆಯ ಬೀಜಾಣುಗಳಿಗೆ ಗಾಳಿ ಸಾಕು.

ಇನ್ನು ಗುರುತಿಸುವ ಮಾತು. ತೇಗದ ಎಳೆಯ ಎಲೆಯನ್ನು ಉಜ್ಜಿದರೆ ಬೆರಳು ಕೆಂಪಾಗುತ್ತದೆ, ಅನುಮಾನ ತೀರಿತು. ಅಣಬೆಗೆ ಇಂಥ ಸುಲಭ ಪರೀಕ್ಷೆ ಇಲ್ಲ. ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಹುಳು ತಿಂದಿದೆ, ಆದ್ದರಿಂದ ವಿಷವಿಲ್ಲ ಎಂಬ ನಂಬಿಕೆಗಳೆಲ್ಲ ಸುಳ್ಳು. ಅಮಾನಿಟಾ ಜಾತಿಯ ಕೆಲವು ಬಿಳಿ ಅಣಬೆಗಳ ವಿಷ ಬೇಯಿಸಿದರೂ ಹೋಗದು. ಲಕ್ಷಣ ಕಾಣಲು 6ರಿಂದ 12 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ವಿಷ ರಕ್ತಕ್ಕೆ ಸೇರಿರುತ್ತದೆ. ಅಣಬೆ ತಿಂದವರಿಗೆ ವಾಂತಿ ಭೇದಿ ಶುರುವಾದರೆ, ಉಳಿದ ಒಂದು ಚೂರನ್ನೂ ಕಟ್ಟಿಕೊಂಡು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.