ದಮ್ಮು ಹತ್ತಿದರೆ ‘ನಿಶ್ಶಕ್ತಿ’ ಎನ್ನಬೇಡಿ

ನಮ್ಮ ನೆಗೆಣ್ಣಿ ಸುರಪುರದ ಆಚೆ ಒಂದು ಹಳ್ಳಿಯಲ್ಲಿರುತ್ತಾಳೆ. ಹತ್ತಿ ಬಿಡಿಸುವಾಗ ಅವಳಷ್ಟು ಬೇಗ ಸಾಲು ಮುಗಿಸುವವರು ಇರಲಿಲ್ಲ. ಅಂಥವಳು ಎರಡನೆಯ ಬಸುರಿನ ಐದನೆಯ ತಿಂಗಳಲ್ಲಿ ಒಂದು ಕೊಡ ನೀರು ತಂದರೆ ಹೊಸ್ತಿಲಲ್ಲೇ ಕುಳಿತುಬಿಡುತ್ತಿದ್ದಳು. ರಾತ್ರಿ ಮಲಗಿದರೆ ಕೆಮ್ಮು. ಎದ್ದು ಗೋಡೆಗೆ ಒರಗಿ ಕುಳಿತರೆ ಮಾತ್ರ ಸಮಾಧಾನ. ಶಹಾಪುರದ ನಮ್ಮ ಮನೆಗೆ ಬಂದಾಗ ಕೇಳಿದೆ.

“ಯಾಕವ್ವಾ, ಹಿಂಗ ದಮ್ಮು ಹತ್ತತದ?”

“ಏನಿಲ್ಲ ಅಕ್ಕಾ, ರಕ್ತ ಕಡಿಮಿ ಅದ ಅಂದಾರ. ಟಾನಿಕ್ ಕೊಟ್ಟಾರ.”

ಅತ್ತೆಯವರು, “ಬಸುರಾದಾಕಿಗಿ ದಮ್ಮು ಹತ್ತೂದೇ. ನಾವೇನು ಹಡದಿಲ್ಲೇನು?” ಎಂದರು. ನಾನೂ ಸುಮ್ಮನಾದೆ. ಹಾಗೆ ಸುಮ್ಮನಿದ್ದ ಮೂರು ವಾರ ನೆನೆದರೆ ಇಂದಿಗೂ ನನಗೆ ನಾಚಿಕೆ.

ಒಂದು ರಾತ್ರಿ ಕೆಮ್ಮಿನಲ್ಲಿ ರಕ್ತದ ಎಳೆ ಕಂಡಿತು. ಬೆಳಗಾಗುವುದರೊಳಗೆ ಯಾದಗಿರಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ಎಡಮಗ್ಗುಲಿಗೆ ಮಲಗಿಸಿ, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅವಳ ತಾಯಿಯನ್ನು ಕೇಳಿದ್ದು ಒಂದೇ ಮಾತು: “ಸಣ್ಣಾಕಿದ್ದಾಗ ಕೀಲು ಬಾತು ಜ್ವರ ಬಂದಿತ್ತೇನಮ್ಮ?”

“ಹೌದ್ರಿ. ನಾಕನೇತ್ತ ಓದೋ ಮುಂದ ಮೊಣಕಾಲು ಬಾತಿತ್ತು. ಅದು ಇಳೀತು, ಮೊಣಕೈ ಬಾತು. ವಾತ ಅಂತ ಎಣ್ಣಿ ತಿಕ್ಕಿದ್ವಿ, ಹೋಯ್ತು.”

ಕೀಲಿನ ಬಾವು ಹೋಗಿತ್ತು. ಆದರೆ ರೋಗ ಹೃದಯದಲ್ಲಿ ಉಳಿದಿತ್ತು.

ನಾಲ್ಕು ಕೋಣೆಯ ಮನೆ

ಸೋದರಿಯರೇ, ನಮ್ಮ ಹೃದಯ ಮುಷ್ಟಿಯಷ್ಟು ದೊಡ್ಡದು. ಅದರಲ್ಲಿ ನಾಲ್ಕು ಕೋಣೆ, ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ಕಾಯುವ ನಾಲ್ಕು ಕವಾಟ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಈ ಬಾಗಿಲುಗಳು ತೆರೆದು ಮುಚ್ಚುತ್ತವೆ.

ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲು ನೋವಿಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಕಾರಣ. ಸರಿಯಾದ ಔಷಧಿ ಸಿಗದಿದ್ದರೆ, ಎರಡು ಮೂರು ವಾರದ ನಂತರ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ರೋಗಾಣುವಿನ ಮೇಲೆ ಹೋರಾಡಬೇಕಾದ ದೇಹದ ಶಕ್ತಿ ತಪ್ಪಿ ತನ್ನ ಕೀಲುಗಳ ಮೇಲೆ, ಹೃದಯದ ಕವಾಟದ ಮೇಲೆ ತಿರುಗಿ ಬೀಳುತ್ತದೆ. ಕೀಲು ವಾಸಿಯಾಗುತ್ತದೆ. ಕವಾಟದ ಅಂಚು ಮಾತ್ರ ವರ್ಷಗಳು ಕಳೆದಂತೆ ದಪ್ಪವಾಗಿ ಒಂದಕ್ಕೊಂದು ಅಂಟುತ್ತದೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಹಾಗೆ ಪೂರ್ತಿ ತೆರೆಯುವುದೇ ಇಲ್ಲ.

ಹೆಚ್ಚಾಗಿ ಕೆಡುವುದು ಎಡಗಡೆಯ ಮೈಟ್ರಲ್ ಕವಾಟ. ಆರೋಗ್ಯವಂತರಲ್ಲಿ ಇದರ ಬಾಯಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ನಮ್ಮ ನೆಗೆಣ್ಣಿಗೆ ಒಂದಕ್ಕಿಂತ ಕಡಿಮೆಯಾಗಿತ್ತು. ಬಸುರಿನಲ್ಲಿ ಮೈಯ ರಕ್ತ ಅರ್ಧದಷ್ಟು ಹೆಚ್ಚುತ್ತದೆ. ಕಿರಿದಾದ ಬಾಗಿಲಲ್ಲಿ ಅಷ್ಟು ರಕ್ತ ಸಾಗದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ದಮ್ಮು, ಕೆಮ್ಮು, ಮಲಗಲಾರದ ಸಂಕಟ ಅದರಿಂದಲೇ. ಈ ರೋಗ ಗಂಡಸರಿಗಿಂತ ನಮ್ಮಲ್ಲೇ ಹೆಚ್ಚು. ಎಷ್ಟೋ ಹೆಂಗಸರಲ್ಲಿ ಅದು ಬಯಲಾಗುವುದು ಬಸುರಾದಾಗಲೇ.

ರೋಗ ತೋರಿಸುವ ಪರೀಕ್ಷೆಗಳು

ಎದೆ ಕೇಳುವ ಕೊಳವೆ ಹುಟ್ಟಿದ್ದೇ ಒಬ್ಬ ಹೆಣ್ಣುಮಗಳಿಗಾಗಿ. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್, ರೋಗಿ ತರುಣಿಯ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು ಕಾಗದದ ಸುರುಳಿ ಮಾಡಿ ಕೇಳಿದನಂತೆ. ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು! 1953ರಲ್ಲಿ ಸ್ವೀಡನ್ನಿನ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಜ್ ಶಬ್ದದ ಅಲೆಗಳಿಂದ ಹೃದಯದ ಚಲನೆ ನೋಡುವ ದಾರಿ ತೋರಿಸಿದರು. ಅದೇ ಇಂದಿನ ‘ಎಕೋ’ ಪರೀಕ್ಷೆ. ಇದಕ್ಕೆ ಸೂಜಿಯಿಲ್ಲ, ಎಕ್ಸ್‌ರೇ ಇಲ್ಲ, ಹೊಟ್ಟೆಯ ಕೂಸಿಗೆ ತೊಂದರೆಯಿಲ್ಲ. ಬಾಗಿಲು ಎಷ್ಟು ತೆರೆಯುತ್ತದೆ, ಎಷ್ಟು ಸೋರುತ್ತದೆ ಎಂದು ಪರದೆಯ ಮೇಲೆ ಕಾಣುತ್ತದೆ.

ಎದೆ ಸೀಳದೆ ಚಿಕಿತ್ಸೆ

ಹಿಂದೆ ಇಂಥ ಕವಾಟ ಬಿಡಿಸಲು ಎದೆ ಸೀಳಬೇಕಿತ್ತು. ಜಪಾನಿನ ಡಾ. ಕಾಂಜಿ ಇನೂಯೆ 1984ರಲ್ಲಿ ಪ್ರಕಟಿಸಿದ ವಿಧಾನ ಬೇರೆಯೇ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಗೆಯನ್ನು ಹೃದಯಕ್ಕೆ ಸಾಗಿಸಿ, ತುದಿಯ ಬಲೂನನ್ನು ಕವಾಟದ ನಡುವೆ ಕ್ಷಣಕಾಲ ಉಬ್ಬಿಸುತ್ತಾರೆ. ಅಂಟಿದ ಅಂಚು ಬಿಟ್ಟುಕೊಳ್ಳುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಬಲೂನ್ ಚಿಕಿತ್ಸೆಗೆ ಹೆಸರುವಾಸಿ. ಬಹಳ ವರ್ಷ ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಇದರಲ್ಲಿ ನುರಿತವರು. ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಬಲೂನ್ ಆಗದು ಎಂಬ ಮಾತಿತ್ತು. ಅಂಥವರಲ್ಲೂ ಆಯ್ದ ಕೆಲವರಿಗೆ ಎಚ್ಚರಿಕೆಯಿಂದ ಮಾಡಬಹುದೆಂದು ಅವರೂ ಸಂಗಡಿಗರೂ 2009ರಲ್ಲಿ ಅಧ್ಯಯನ ಪ್ರಕಟಿಸಿದರು.

ನಮ್ಮ ನೆಗೆಣ್ಣಿಗೂ ಆರನೆಯ ತಿಂಗಳಲ್ಲಿ ಹೊಟ್ಟೆಗೆ ಸೀಸದ ಹೊದಿಕೆ ಹೊದಿಸಿ ಬಲೂನ್ ಮಾಡಿದರು. ಮರುದಿನ ನಾನು ಹೋದಾಗ ಅವಳು ಚಪ್ಪಟೆ ಮಲಗಿ ನಿದ್ದೆ ಮಾಡುತ್ತಿದ್ದಳು. ಅವಳು ಹಾಗೆ ಮಲಗಿದ್ದನ್ನು ನೋಡಿ ಎರಡು ತಿಂಗಳಾಗಿತ್ತು. ನಾನು ಎಬ್ಬಿಸಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಬಂದೆ. ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು.

ಎಲ್ಲರಿಗೂ ಬಲೂನ್ ಆಗದು. ಕವಾಟ ಬಹಳ ಸೋರುತ್ತಿದ್ದರೆ, ಸುಣ್ಣಗಟ್ಟಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಕೃತಕ ಕವಾಟ ಹಾಕುತ್ತಾರೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ರೂಪಿಸಿದ ನಮ್ಮದೇ ದೇಶದ ಕವಾಟವನ್ನು 1990ರಲ್ಲಿ ಮೊದಲ ಸಲ ರೋಗಿಗೆ ಅಳವಡಿಸಿದರು. ಇಂಥ ಯಾಂತ್ರಿಕ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನವಿಡೀ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಆ ಮಾತ್ರೆ ಗರ್ಭದ ಕೂಸಿಗೆ ಹಾನಿ ಮಾಡಬಹುದು. ಆದ್ದರಿಂದ ಬಸುರಾಗುವ ಮುಂಚೆಯೇ ವೈದ್ಯರಿಗೆ ತಿಳಿಸಬೇಕು. ತಾವಾಗಿ ಮಾತ್ರೆ ನಿಲ್ಲಿಸಲೂಬಾರದು.

ನಲವತ್ತು ದಾಟಿದವರಿಗೆ

ಕವಾಟದ ರೋಗ ಹೆಚ್ಚಾಗಿ ಎಳೆಯರನ್ನು ಹಿಡಿದರೆ, ನಮ್ಮ ವಯಸ್ಸಿನವರು ಹೃದಯದ ರಕ್ತನಾಳದ ಕಡೆ ಲಕ್ಷ್ಯ ಕೊಡಬೇಕು. ಸಕ್ಕರೆ ಕಾಯಿಲೆ, ಬಿ.ಪಿ., ತಂಬಾಕು ಇದ್ದವರಲ್ಲಿ ಈ ನಾಳಗಳೊಳಗೆ ಕೊಬ್ಬು ಕಟ್ಟಿಕೊಳ್ಳುತ್ತದೆ. ಎಲೆ ಅಡಿಕೆಯ ಜೊತೆ ತಂಬಾಕು ಹಾಕುವ ತಾಯಂದಿರೇ, ಈ ಮಾತು ನಿಮಗೂ ಸೇರಿತು! ಹೆಂಗಸರಿಗೆ ಹೃದಯಾಘಾತವಾದಾಗ ಎದೆನೋವು ಜೋರಾಗಿ ಇರಲೇಬೇಕೆಂದಿಲ್ಲ. ದವಡೆ, ಬೆನ್ನು, ರಟ್ಟೆ ನೋಯಬಹುದು. ತಣ್ಣನೆಯ ಬೆವರು, ವಾಕರಿಕೆ, ವಿಪರೀತ ಸುಸ್ತು ಬರಬಹುದು. ‘ಗ್ಯಾಸು’ ಎಂದು ಅಜವಾನ ನುಂಗಿ ಮಲಗಬೇಡಿ. ತಕ್ಷಣ ಇ.ಸಿ.ಜಿ. ಮಾಡಿಸಿ, ಏಕೆಂದರೆ ಮೊದಲ ಕೆಲವು ಗಂಟೆಗಳಲ್ಲೇ ಜೀವ ಉಳಿಯುವ ಅವಕಾಶ ಹೆಚ್ಚು.

ಇದಕ್ಕಾಗಿ 2023ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದಯ ತಜ್ಞರು ನೋಡುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಮುಂದಿನ ಚಿಕಿತ್ಸೆಗೆ ನಮ್ಮವರು ರಾತ್ರಿ ರೈಲಿನಲ್ಲಿ ಬೆಂಗಳೂರಿಗೇ ಹೋಗಬೇಕೆಂದೇನೂ ಇಲ್ಲ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371(ಜೆ) ವಿಧಿಯ ನೆನಪಿಗೆ ಅಷ್ಟು ಹಾಸಿಗೆ! ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೇಷನ್ ಕಾರ್ಡ್, ಆಧಾರ್ ಒಂದೇ ಚೀಲದಲ್ಲಿ ಕೈಗೆ ಸಿಗುವಂತೆ ಇಡಿ.

ನಾವು ಮಾಡಬೇಕಾದದ್ದು

ಮಗುವಿಗೆ ಜ್ವರದ ಜೊತೆ ಗಂಟಲು ನೋವಿದ್ದು ನುಂಗಲು ಕಷ್ಟವಾದರೆ ಡಾಕ್ಟರಿಗೆ ತೋರಿಸಿ, ಹೇಳಿದಷ್ಟೂ ದಿನ ಔಷಧಿ ಕೊಡಿ. ಜ್ವರ ಬಂದು ಬಾವು ಒಂದು ಕೀಲಿನಿಂದ ಇನ್ನೊಂದಕ್ಕೆ ಹೋದರೆ ಎಣ್ಣೆ ತಿಕ್ಕಿ ಕೂರಬೇಡಿ, ಹೃದಯ ಪರೀಕ್ಷೆ ಮಾಡಿಸಿ. ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಅದು ಮರುಕಳಿಸದಂತೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಬೇಕು, ಅದೂ ವರ್ಷಗಟ್ಟಲೆ. ಔಷಧಿ ಹಳೆಯದು, ಅಗ್ಗದ್ದು. ತಪ್ಪದೆ ಹಾಕಿಸುವುದೇ ಕಷ್ಟ.

ಬಸುರಿಯಾಗಲಿ, ಬಾಣಂತಿಯಾಗಲಿ, ಚಪ್ಪಟೆ ಮಲಗಲಾರದಷ್ಟು ದಮ್ಮು ಹತ್ತಿದರೆ “ಎದಿ ಒಂದಿಷ್ಟು ಕೇಳ್ರಿ” ಎಂದು ಬಾಯಿಬಿಟ್ಟು ಡಾಕ್ಟರಿಗೆ ಹೇಳಿ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ನಾವು, ನಮ್ಮ ಜಡ್ಡನ್ನೂ ಹಾಗೇ ಕೊನೆಗೆ ಇಟ್ಟುಕೊಳ್ಳುತ್ತೇವೆ. ಎದೆಯ ವಿಷಯದಲ್ಲಿ ಆ ರೂಢಿ ಬೇಡ.

ನಮ್ಮ ನೆಗೆಣ್ಣಿ ಈಗ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ 21 ದಿನಕ್ಕೊಂದು ಗುಂಡು ಹಾಕಿರುತ್ತಾಳೆ. ಅದು ಸೂಜಿಯ ದಿನ. ಆವತ್ತು ಹೊಲದ ಕೆಲಸ ಎಷ್ಟೇ ಇರಲಿ, ಅತ್ತೆಯವರೇ ಮೊಮ್ಮಗಳನ್ನು ಎತ್ತಿಕೊಂಡು, “ನೀ ಮೊದಲ ದವಾಖಾನಿಗಿ ಹೋಗಿ ಬಾ” ಎಂದು ಅವಳನ್ನು ಕಳಿಸುತ್ತಾರೆ.