ಒಂದು ಮಾತ್ರೆಯೊಳಗೆ ಮೂರು ಔಷಧ

ತೊಗರಿಯ ರಾಶಿ ಮಾಡುವಾಗ ಏಳುವ ಧೂಳು, ದಾರಿಯ ಬದಿಯಲ್ಲಿ ಬೆಳೆದ ಪಾರ್ಥೇನಿಯಂ ಕಳೆಯ ಪರಾಗ, ಋತು ಬದಲಾದಾಗ ಮನೆಯಿಂದ ಮನೆಗೆ ಹಬ್ಬುವ ವೈರಾಣು ಇವುಗಳಲ್ಲಿ ಯಾವುದೇ ಕಾರಣವಾಗಿರಲಿ, ಮೂಗು ಸೋರಲಾರಂಭಿಸಿತೆಂದರೆ ನಾವು ಔಷಧದ ಅಂಗಡಿಗೆ ಹೋಗಿ ‘ನೆಗಡಿಗೆ ಒಂದು ಮಾತ್ರೆ ಕೊಡಿ’ ಎಂದು ಕೇಳುತ್ತೇವೆ. ಅಂಗಡಿಯವರು ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಅದರಲ್ಲಿ ಏನಿದೆಯೆಂದು ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಹೀಗೆ ಕೇಳದಿರುವುದರಲ್ಲಿಯೇ ಅಪಾಯವಿದೆ.

ಮಾತ್ರೆಯಲ್ಲಿ ಏನಿರುತ್ತದೆ?

ನೆಗಡಿಯ ಮಾತ್ರೆಗಳಲ್ಲಿ ಹೆಚ್ಚಿನವು ಮಿಶ್ರಣಗಳು. ಜ್ವರ ಮತ್ತು ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಸಾಮಾನ್ಯವಾಗಿ 500 ಮಿಲಿಗ್ರಾಂ. ಸೀನು ಮತ್ತು ತುರಿಕೆಗೆ ಕ್ಲೋರ್‌ಫೆನಿರಮೈನ್, 2 ಮಿಲಿಗ್ರಾಂ. ಕಟ್ಟಿದ ಮೂಗಿಗೆಂದು ಫಿನೈಲೆಫ್ರಿನ್, 5 ಅಥವಾ 10 ಮಿಲಿಗ್ರಾಂ. ಕೆಲವುಗಳಲ್ಲಿ ಕೆಫೀನ್ ಕೂಡ ಸೇರಿರುತ್ತದೆ. ಇವು ರೋಗಲಕ್ಷಣಗಳನ್ನು ತಗ್ಗಿಸಬಲ್ಲವೇ ಹೊರತು ವೈರಾಣುವನ್ನು ಕೊಲ್ಲಲಾರವು. ನೆಗಡಿಯು ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ನುಂಗುವ ಫಿನೈಲೆಫ್ರಿನ್ ಮೂಗಿನ ಕಟ್ಟನ್ನು ಬಿಡಿಸುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿಯು 2023ರಲ್ಲಿ ಅಭಿಪ್ರಾಯಪಟ್ಟಿತು. ಆದುದರಿಂದ ಮೂಗು ತೆರೆಯಲಿಲ್ಲವೆಂದು ಇನ್ನೊಂದು ಮಾತ್ರೆ ನುಂಗುವುದು ವ್ಯರ್ಥ.

ಲೆಕ್ಕ ತಪ್ಪುವ ಬಗೆ

ಒಬ್ಬರು ದಿನಕ್ಕೆ ಮೂರು ಬಾರಿ ನೆಗಡಿಯ ಮಾತ್ರೆ ಸೇವಿಸುತ್ತಾರೆಂದು ಭಾವಿಸೋಣ. ಅದರಿಂದ 1,500 ಮಿಲಿಗ್ರಾಂ ಪ್ಯಾರಾಸಿಟಮಾಲ್ ದೇಹಕ್ಕೆ ಸೇರಿತು. ಜ್ವರವೂ ಇದೆಯೆಂದು 650 ಮಿಲಿಗ್ರಾಂನ ಜ್ವರದ ಮಾತ್ರೆಯನ್ನು ನಾಲ್ಕು ಬಾರಿ ಸೇವಿಸಿದರೆ ಮತ್ತೆ 2,600. ಒಟ್ಟು 4,100 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೂ ದಿನದ ಮಿತಿ 4,000 ಮಾತ್ರ. ಕೃಶ ಶರೀರದವರಿಗೆ, ಯಕೃತ್ತಿನ ತೊಂದರೆಯುಳ್ಳವರಿಗೆ, ಮದ್ಯಪಾನಿಗಳಿಗೆ ಆ ಮಿತಿ ಇನ್ನೂ ಕಡಿಮೆ. ಹೆಸರು ಬೇರೆ, ಬಣ್ಣ ಬೇರೆ. ಒಳಗಿರುವ ಔಷಧ ಒಂದೇ ಎಂಬುದು ಅರಿವಿಗೆ ಬರುವುದೇ ಇಲ್ಲ.

ಪ್ಯಾರಾಸಿಟಮಾಲ್ ಮಿತಿ ಮೀರಿದಾಗ ಯಕೃತ್ತಿಗೆ ಹಾನಿಯಾಗುತ್ತದೆ. ಮೊದಲ ದಿನ ಓಕರಿಕೆಯ ಹೊರತು ಹೆಚ್ಚೇನೂ ಕಾಣಿಸದಿರಬಹುದು. ಕಾಮಾಲೆ ತೋರುವ ಹೊತ್ತಿಗೆ ತಡವಾಗಿರುತ್ತದೆ. ಇದಕ್ಕೆ ಪ್ರತ್ಯೌಷಧವುಂಟು, ಆದರೆ ಅದನ್ನು ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಆದ್ದರಿಂದ ಮಿತಿ ಮೀರಿತೆಂದು ತಿಳಿದೊಡನೆ, ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಯಾರು ವಿಶೇಷವಾಗಿ ಎಚ್ಚರದಿಂದಿರಬೇಕು?

ಕ್ಲೋರ್‌ಫೆನಿರಮೈನ್ ನಿದ್ದೆ ತರಿಸುತ್ತದೆ. ಅದನ್ನು ಸೇವಿಸಿ ಬೈಕು, ಟ್ರ್ಯಾಕ್ಟರ್ ಓಡಿಸುವುದಾಗಲಿ, ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವುದಾಗಲಿ ಸಲ್ಲದು. ಮದ್ಯ ಅಥವಾ ನಿದ್ರೆಯ ಮಾತ್ರೆ ಜೊತೆಗೂಡಿದರೆ ಮಂಪರು ಇಮ್ಮಡಿಸುತ್ತದೆ.

ಮನೆಯ ಹಿರಿಯರಲ್ಲಿ ಈ ಔಷಧವು ಗೊಂದಲ, ತಲೆತಿರುಗು ಉಂಟುಮಾಡಬಹುದು. ರಾತ್ರಿ ಎದ್ದು ನಡೆಯುವಾಗ ಬೀಳುವ ಸಂಭವವಿದೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವವರಲ್ಲಿ ಮೂತ್ರ ಕಟ್ಟಿಕೊಳ್ಳಬಹುದು. ಗ್ಲಾಕೋಮ ಇರುವವರಲ್ಲಿ ಕಣ್ಣಿನ ಒತ್ತಡ ಏರಬಹುದು. ಫಿನೈಲೆಫ್ರಿನ್ ರಕ್ತನಾಳಗಳನ್ನು ಸಂಕುಚಿಸುವ ಔಷಧವಾದ್ದರಿಂದ ರಕ್ತದೊತ್ತಡ, ಹೃದ್ರೋಗ ಮತ್ತು ಥೈರಾಯ್ಡ್ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಸೇವಿಸಬಾರದು. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದೇ ಮಾತು.

ಮಕ್ಕಳಿಗೆ

ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಔಷಧದ ಮೇಲೆ ಮುದ್ರಿಸುವಂತೆ ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದರು. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವ ರೂಢಿಯನ್ನು ಬಿಡಬೇಕು. ಅಣ್ಣನಿಗೆ ಬರೆದುಕೊಟ್ಟ ಸಿರಪ್ ತಮ್ಮನಿಗಲ್ಲ. ವೈದ್ಯರು ಸೂಚಿಸಿದ ಸಿರಪ್ಪನ್ನು ಅಡುಗೆಮನೆಯ ಚಮಚದಿಂದಲ್ಲ, ಬಾಟಲಿಯೊಡನೆ ಬಂದ ಅಳತೆಯ ಮುಚ್ಚಳದಿಂದಲೇ ಕೊಡಬೇಕು.

ನೆಗಡಿಯೋ, ಅಲರ್ಜಿಯೋ?

ಕಣ್ಣು ಮೂಗುಗಳಲ್ಲಿ ತುರಿಕೆ, ಸಾಲು ಸೀನು, ನೀರಿನಂತಹ ಸಿಂಬಳ ಇದ್ದು, ಜ್ವರವಿಲ್ಲದೆ ವಾರಗಟ್ಟಲೆ ಮುಂದುವರಿದರೆ ಅದು ಬಹುಮಟ್ಟಿಗೆ ಅಲರ್ಜಿ. ಜ್ವರವೇ ಇಲ್ಲದವರು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯನ್ನು ನುಂಗುವುದೇಕೆ? ಸೀನಿಗೆ ಸೀನಿನ ಔಷಧವೊಂದೇ ಸಾಕು. ಯಾವುದೆಂದು ವೈದ್ಯರು ಹೇಳಬಲ್ಲರು. ರಾಶಿ ಮಾಡುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು, ಕೆಲಸ ಮುಗಿದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು ಖರ್ಚಿಲ್ಲದ ರಕ್ಷಣೆ. ನೆಗಡಿಗಾದರೆ ವಿಶ್ರಾಂತಿ, ಬಿಸಿಯಾದ ಗಂಜಿ, ಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಹಿತಕರ.

ಜ್ವರವು ಮೂರು ದಿನ ಮೀರಿದರೆ, ಎದೆನೋವು ಅಥವಾ ಕಿವಿನೋವು ಬಂದರೆ, ಹತ್ತು ದಿನವಾದರೂ ಗುಣವಾಗದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಉಸಿರಾಟ ಕಷ್ಟವಾದರೆ ಒಂದು ಗಳಿಗೆಯೂ ತಡಮಾಡಬಾರದು.

ಕೊನೆಯದಾಗಿ, ಕತ್ತರಿಸಿ ಕೊಟ್ಟ ತುಂಡಿನ ಮೇಲೆ ಔಷಧದ ಹೆಸರಾಗಲಿ ಅವಧಿ ಮುಗಿಯುವ ದಿನಾಂಕವಾಗಲಿ ಉಳಿಯದೇ ಹೋಗಬಹುದು. ಹೆಸರು ಕಾಣುವ ಭಾಗವನ್ನೇ ಕೇಳಿ ಪಡೆಯಿರಿ; ಇಲ್ಲವೇ ಚೀಟಿಯಲ್ಲಿ ಬರೆಯಿಸಿಕೊಳ್ಳಿ. ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ. ನುಂಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿರುವ ಔಷಧವನ್ನು ನಾನು ಇಂದು ಆಗಲೇ ಬೇರೆ ಹೆಸರಿನಲ್ಲಿ ಸೇವಿಸಿದ್ದೇನೆಯೇ?